ಹದಿನಾರು ದಾಟಿದ ಮಗನ ಮೇಲೆ ಘೋರ ಅಪರಾಧದ ಆರೋಪ: ಪ್ರಾಥಮಿಕ ಮೌಲ್ಯಮಾಪನಕ್ಕೆ ಸಿದ್ಧರಾಗುವ ಬಗೆ

ಹದಿನಾರು ತುಂಬಿ ಹದಿನೆಂಟು ತುಂಬದ ಹುಡುಗನೊಬ್ಬನ ಮೇಲೆ ಕೊಲೆಯಂತಹ ಆರೋಪ ಬಂದಾಗ, ಅವನು ಆ ಕೃತ್ಯ ಎಸಗಿದನೇ ಇಲ್ಲವೇ ಎಂಬ ವಿಚಾರಣೆಗೆ ಮುನ್ನವೇ ಬಾಲನ್ಯಾಯ ಮಂಡಳಿಯು ಮತ್ತೊಂದು ಪ್ರಶ್ನೆಯನ್ನು ಇತ್ಯರ್ಥಪಡಿಸಬೇಕಾಗುತ್ತದೆ. ಪ್ರಕರಣವನ್ನು ಮಗುವಿನ ಪ್ರಕರಣವೆಂದು ತಾನೇ ಇಟ್ಟುಕೊಳ್ಳಬೇಕೋ, ವಯಸ್ಕನಂತೆ ವಿಚಾರಣೆಗೆ ಒಳಪಡಿಸುವ ಸಲುವಾಗಿ ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸಬೇಕೋ ಎಂಬುದೇ ಆ ಪ್ರಶ್ನೆ. 2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲನ್ಯಾಯ ಕಾಯ್ದೆಯ ಕಲಂ 15ರಲ್ಲಿ ಇದಕ್ಕಾಗಿ ಪ್ರಾಥಮಿಕ ಮೌಲ್ಯಮಾಪನದ ವ್ಯವಸ್ಥೆಯಿದೆ. ಬೆಂಗಳೂರಿನ ಕುಟುಂಬಗಳು ಈ ಹಂತಕ್ಕೆ ಸಾಮಾನ್ಯವಾಗಿ ಬರುವುದು ಬಡಾವಣೆಯ ಹಿರಿಯರಿಂದಲೋ, ಹಳೆಯ ಕಾರ್ಪೊರೇಟರ್ ಒಬ್ಬರಿಂದಲೋ ಬರೆಸಿಕೊಂಡ ‘ಹುಡುಗ ಒಳ್ಳೆಯವನು’ ಎಂಬ ಪತ್ರದೊಂದಿಗೆ. ಅಂತಹ ಪತ್ರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ, ಆ ಜೊತೆಗಾರರ ನಡುವೆ, ಅವನು ಹೇಗೆ ಯೋಚಿಸಿದ, ಎಷ್ಟು ಯೋಚಿಸಬಲ್ಲವನಾಗಿದ್ದ ಎಂಬುದನ್ನು ಮಂಡಳಿ ತಿಳಿಯಬೇಕಾಗಿದೆ. ಅದಕ್ಕೆ ಬೇಕಾದ ಸಂಗತಿಗಳನ್ನು ಕಲೆಹಾಕುವುದು ಹೇಗೆ ಎಂಬುದನ್ನು ತಂದೆತಾಯಿಗಳಿಗೂ, ಅವರ ಜೊತೆ ನಿಲ್ಲುವ ಶಿಕ್ಷಕರಿಗೂ, ಈ ಕ್ಷೇತ್ರಕ್ಕೆ ಹೊಸಬರಾದ ವಕೀಲರಿಗೂ ತಿಳಿಸುವುದು ಈ ಬರಹದ ಉದ್ದೇಶ.

ಮೊದಲ ದಿನ

ಪೊಲೀಸರು ಮಗುವನ್ನು ವಶಕ್ಕೆ ಪಡೆದರೆ 24 ಗಂಟೆಗಳೊಳಗೆ, ಪ್ರಯಾಣದ ಅವಧಿಯನ್ನು ಬಿಟ್ಟು, ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್‌ನಲ್ಲಿ ಇಡುವಂತಿಲ್ಲ, ಜೈಲಿಗೆ ಕಳುಹಿಸುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ ತಪ್ಪೊಪ್ಪಿಕೊಳ್ಳುವಂತೆ ಒತ್ತಾಯಿಸುವುದಕ್ಕಾಗಲೀ, ಯಾವುದೇ ಹೇಳಿಕೆಗೆ ಮಗುವಿನ ಸಹಿ ಪಡೆಯುವುದಕ್ಕಾಗಲೀ ಅವಕಾಶವಿಲ್ಲ; ಮಾತನಾಡಿಸುವಾಗ ತಂದೆತಾಯಿ ಹಾಜರಿರಬಹುದು. ಠಾಣೆಗೆ ಹೋದವರು ಮೊದಲು ಕೇಳಬೇಕಾದದ್ದು ಅಲ್ಲಿನ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂಬುದನ್ನು. ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲದಿದ್ದರೆ ಚಿಂತಿಸಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇದ್ದರೂ ಮಗುವಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. 15100 ಸಹಾಯವಾಣಿಗೆ ಕರೆ ಮಾಡಬಹುದು, ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

ಇದೇ ದಿನ ಮನೆಯವರು ತಾವಾಗಿಯೇ ಮಾಡುವ ಹಾನಿಯೂ ಇದೆ. ಮಗನನ್ನು ಕಂಡ ಕೂಡಲೇ ಹತ್ತು ಜನರ ಎದುರು ‘ಯಾಕೋ ಹೀಗೆ ಮಾಡಿದೆ’ ಎಂದು ಕೂಗಾಡುವುದು, ಕೆನ್ನೆಗೆ ಹೊಡೆಯುವುದು, ಘಟನೆಯ ವಿಡಿಯೊವನ್ನು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಇವೆಲ್ಲ ಮುಂದೆ ತೊಡಕಾಗುತ್ತವೆ. ಮಗುವಿನ ಗುರುತು ಬಯಲಾಗುವಂತಹ ಹೆಸರು, ಚಿತ್ರ, ಶಾಲೆಯ ವಿವರಗಳನ್ನು ಸುದ್ದಿಯಾಗಿ ಪ್ರಕಟಿಸುವುದು ಕಲಂ 74ರಡಿ ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆರೋಪವಿನ್ನೂ ರುಜುವಾತಾಗದ ಹುಡುಗನನ್ನು ‘ಪುಡಿರೌಡಿ’ ಎಂದು ಕರೆಯುವ ವಾಹಿನಿಗಳು ಇದನ್ನು ಮರೆತಂತೆ ನಟಿಸುತ್ತವೆಯಾದರೂ ಮನೆಯವರು ಮರೆಯಬಾರದು.

ಮೌಲ್ಯಮಾಪನ ನಿಜವಾಗಿಯೂ ಬೇಕೇ?

ಎಲ್ಲ ಪ್ರಕರಣಗಳಿಗೂ ಪ್ರಾಥಮಿಕ ಮೌಲ್ಯಮಾಪನ ಇರುವುದಿಲ್ಲ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವ ಅಪರಾಧವನ್ನು ಮಾತ್ರ ಕಾಯ್ದೆ ಘೋರ ಅಪರಾಧವೆನ್ನುತ್ತದೆ, ಮತ್ತು ಅಂತಹ ಆರೋಪವಿರುವ, ಕೃತ್ಯ ನಡೆದ ದಿನಕ್ಕೆ ಹದಿನಾರು ತುಂಬಿದ್ದ ಮಗುವಿಗೆ ಮಾತ್ರ ಕಲಂ 15 ಅನ್ವಯಿಸುತ್ತದೆ. ಗರಿಷ್ಠ ಶಿಕ್ಷೆ ಎಷ್ಟೇ ದೊಡ್ಡದಿದ್ದರೂ ಕನಿಷ್ಠ ಶಿಕ್ಷೆ ನಿಗದಿಯಾಗಿಲ್ಲದಿದ್ದರೆ ಅದು ಘೋರ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೇಳಿತು; 2021ರ ತಿದ್ದುಪಡಿಯು ಅದನ್ನು ಕಾಯ್ದೆಯೊಳಗೇ ಸೇರಿಸಿತು. ನಮ್ಮ ಊರಿನ ಠಾಣೆಗಳಲ್ಲಿ ‘ಹಾಫ್ ಮರ್ಡರ್’ ಎಂದು ಕರೆಯುವ ಕೊಲೆ ಯತ್ನದ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 109ರಲ್ಲಿ ಜೀವಾವಧಿಯವರೆಗೆ ಶಿಕ್ಷೆ ಇದ್ದರೂ ಸಾಮಾನ್ಯ ಆರೋಪಿಗೆ ಕನಿಷ್ಠ ಶಿಕ್ಷೆ ಇಲ್ಲ, ಆದ್ದರಿಂದ ಪ್ರಾಥಮಿಕ ಮೌಲ್ಯಮಾಪನವೂ ಇಲ್ಲ. ಮೊಬೈಲ್ ಕಿತ್ತುಕೊಂಡು ಓಡಿದ್ದು ಕಲಂ 304ರ ಪ್ರಕಾರ ಮೂರು ವರ್ಷದೊಳಗಿನ ಶಿಕ್ಷೆಯ ಸಣ್ಣ ಅಪರಾಧ. ಆದರೆ ಹದಿನೇಳರ ಹುಡುಗ ಹದಿನೈದರ ಹುಡುಗಿಯೊಂದಿಗೆ ಊರು ಬಿಟ್ಟು ಹೋಗಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆಯ ಕಲಂ 4ರ ಆರೋಪ ಬಿದ್ದರೆ ಅದು ಘೋರ ಅಪರಾಧದ ಪಟ್ಟಿಗೆ ಸೇರುತ್ತದೆ. ಇಬ್ಬರಿಗೂ ಇಷ್ಟವಿತ್ತು ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಎಫ್‌ಐಆರ್‌ನಲ್ಲಿ ನಮೂದಾದ ಪ್ರತಿಯೊಂದು ಕಲಂನ ಕನಿಷ್ಠ ಶಿಕ್ಷೆ ಎಷ್ಟೆಂದು ವಕೀಲರಿಂದ ಬರೆಸಿಕೊಳ್ಳುವುದು ಹಾಗಾಗಿ ಮೊದಲ ಕೆಲಸ.

ಎರಡನೆಯದು ವಯಸ್ಸು. ಕಲಂ 94ರ ಪ್ರಕಾರ ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿಯಂತಹ ಪರೀಕ್ಷಾ ಮಂಡಳಿಯ ಪ್ರಮಾಣಪತ್ರ ಮೊದಲು, ಅವಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆಯಂತಹ ವೈದ್ಯಕೀಯ ಪರೀಕ್ಷೆ. ಈ ಪಟ್ಟಿಯಲ್ಲಿ ಆಧಾರ್ ಕಾರ್ಡ್ ಇಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬಗಳಲ್ಲಿ ಶಾಲೆಯ ದಾಖಲೆ ಊರಿನಲ್ಲೇ ಉಳಿದಿರುತ್ತದೆ. ಯಾರಾದರೂ ಅಂದೇ ಬಸ್ಸು ಹತ್ತಿ ಹೋಗಿ ಅದನ್ನು ತರುವುದು ಒಳ್ಳೆಯದು. ನಮ್ಮ ಶಾಲೆಗಳಲ್ಲಿ ಮಗುವಿಗೆ ಜೂನ್ 1 ಎಂಬ ಜನ್ಮದಿನ ಬರೆಯುವ ರೂಢಿ ಎಷ್ಟು ಹಬ್ಬಿದೆಯೆಂಬುದು ಎಲ್ಲರಿಗೂ ತಿಳಿದದ್ದೇ. ಕೆಲವೇ ವಾರಗಳ ಅಂತರದಲ್ಲಿ ಹದಿನಾರರ ಗೆರೆ ಬೀಳುವಂತಿದ್ದರೆ ಆಸ್ಪತ್ರೆಯ ಹೆರಿಗೆ ದಾಖಲೆ, ತಾಯಿ ಕಾರ್ಡು, ಅಂಗನವಾಡಿ ಪುಸ್ತಕಗಳನ್ನು ಹುಡುಕಿ ವಕೀಲರ ಕೈಗೆ ಕೊಡಬೇಕು. ಅವನ್ನು ಬಳಸುವುದೋ ಬಿಡುವುದೋ ಎಂಬ ತೀರ್ಮಾನ ಅವರಿಗೆ ಸೇರಿದ್ದು, ಏಕೆಂದರೆ ಕಾನೂನು ಮೊದಲ ಸ್ಥಾನ ಕೊಡುವುದು ಶಾಲೆಯ ದಾಖಲೆಗೇ.

ಮಂಡಳಿ ಅಳೆಯುವುದು ಏನನ್ನು

ಕಲಂ 15 ಮೂರು ಸಂಗತಿಗಳನ್ನು ಕೇಳುತ್ತದೆ: ಅಂತಹ ಅಪರಾಧ ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಮಗುವಿಗಿತ್ತೇ, ಅದರ ಪರಿಣಾಮಗಳನ್ನು ಅರಿಯುವ ಶಕ್ತಿ ಇತ್ತೇ, ಮತ್ತು ಯಾವ ಸನ್ನಿವೇಶದಲ್ಲಿ ಆ ಕೃತ್ಯ ನಡೆಯಿತೆಂದು ಹೇಳಲಾಗಿದೆ. ಇದು ವಿಚಾರಣೆಯಲ್ಲವೆಂದು ಅದೇ ಕಲಂನ ವಿವರಣೆ ಸ್ಪಷ್ಟಪಡಿಸುತ್ತದೆ, ಮತ್ತು ಹದಿನೆಂಟು ತುಂಬದ ಯಾವ ಮಗುವಿಗೂ ಕ್ರಿಮಿನಲ್ ಉದ್ದೇಶವಿರಲಿಲ್ಲವೆಂಬ ಪೂರ್ವಭಾವನೆಯಿಂದಲೇ ಹೊರಡಬೇಕೆಂದು ಕಲಂ 3 ಹೇಳುತ್ತದೆ. ಪ್ರಾಯೋಗಿಕವಾಗಿ ನೋಡಿದರೆ ದೈಹಿಕ ಸಾಮರ್ಥ್ಯದ ಪ್ರಶ್ನೆ ಬೇಗ ಮುಗಿಯುತ್ತದೆ. ಹದಿನೇಳರ ಹುಡುಗನಿಗೆ ಮಚ್ಚು ಎತ್ತುವಷ್ಟು ಬಲ ಇದ್ದೇ ಇರುತ್ತದೆ. ಪ್ರಕರಣದ ದಿಕ್ಕು ನಿರ್ಧಾರವಾಗುವುದು ಉಳಿದ ಎರಡರಲ್ಲಿ.

ಇಲ್ಲಿ ಬಹಳ ಸಲ ಆಗುವ ಎಡವಟ್ಟನ್ನು ಗುರುತಿಸಿಕೊಳ್ಳಬೇಕು. ‘ಕೊಲೆ ತಪ್ಪೆಂದು ಗೊತ್ತೇ?’ ಎಂದು ಕೇಳಿದರೆ ಹುಡುಗ ‘ಗೊತ್ತು’ ಎನ್ನುತ್ತಾನೆ, ‘ಮಾಡಿದರೆ ಏನಾಗುತ್ತದೆ?’ ಎಂದರೆ ‘ಜೈಲಾಗುತ್ತದೆ’ ಎನ್ನುತ್ತಾನೆ. ಅಷ್ಟಕ್ಕೇ ಪರಿಣಾಮದ ಅರಿವಿತ್ತೆಂದು ಬರೆದುಬಿಡುವ ವರದಿಗಳಿವೆ. ಆದರೆ ಶಾಂತವಾಗಿ ಕುಳಿತು ಯೋಚಿಸಿ ಉತ್ತರಿಸುವ ಬುದ್ಧಿಯೂ, ಗೆಳೆಯರ ನಡುವೆ ಉದ್ರೇಕಗೊಂಡಾಗ ತನ್ನನ್ನು ತಾನು ತಡೆದುಕೊಳ್ಳುವ ಸಂಯಮವೂ ಒಂದೇ ವಯಸ್ಸಿಗೆ ಬಲಿಯುವುದಿಲ್ಲ. ಭಾರತವೂ ಸೇರಿದಂತೆ 11 ದೇಶಗಳಲ್ಲಿ 10ರಿಂದ 30 ವರ್ಷದ 5,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೆನಪು ಮತ್ತು ತರ್ಕದ ಶಕ್ತಿಯು ಸುಮಾರು ಹದಿನಾರಕ್ಕೆ ವಯಸ್ಕರ ಮಟ್ಟ ಮುಟ್ಟುತ್ತದೆಂದೂ, ಹುಂಬತನವನ್ನು ಹತ್ತಿಕ್ಕುವ ಹಾಗೂ ಮುಂದಾಲೋಚಿಸುವ ಮನೋಸಾಮಾಜಿಕ ಪ್ರಬುದ್ಧತೆ ಹದಿನೆಂಟರ ನಂತರವೂ ಬೆಳೆಯುತ್ತಿರುತ್ತದೆಂದೂ ಕಂಡುಕೊಂಡಿತು. ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ವಾಹನ ಓಡಿಸುವ ಕಂಪ್ಯೂಟರ್ ಆಟವೊಂದನ್ನು 13ರಿಂದ 16ರವರಿಗೂ, 18ರಿಂದ 22ರವರಿಗೂ, 24 ಮೀರಿದವರಿಗೂ ಕೊಟ್ಟು ನೋಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಕಿರಿಯರು ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು; ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ರಾತ್ರಿ ಫ್ಲೈಓವರ್ ಮೇಲೆ ಗುಂಪಾಗಿ ವ್ಹೀಲಿಂಗ್ ಮಾಡುವ ಹುಡುಗರನ್ನು ಕಂಡವರಿಗೆ ಇದಕ್ಕೆ ಪ್ರಯೋಗಾಲಯದ ಸಾಕ್ಷಿ ಬೇಕಿರಲಾರದು, ಆದರೆ ಮಂಡಳಿಗೆ ಬೇಕು.

ಇಷ್ಟನ್ನು ಓದಿದ ಉತ್ಸಾಹಿ ವಕೀಲರು ಈ ಅಧ್ಯಯನಗಳ ಪ್ರತಿಯನ್ನೇ ಅರ್ಜಿಗೆ ಲಗತ್ತಿಸಿ ನಿರಾಳರಾಗುವುದುಂಟು. ಅದು ಸಾಲದು. ಸರಾಸರಿ ಹದಿಹರೆಯದವರ ಬಗೆಗಿನ ಸಂಶೋಧನೆಯು ಈ ಒಬ್ಬ ಹುಡುಗನ ಬಗ್ಗೆ ತಾನಾಗಿಯೇ ಏನನ್ನೂ ಹೇಳುವುದಿಲ್ಲ, ಮತ್ತು ತಿಂಗಳುಗಳ ಹಿಂದಿನ ಒಂದು ರಾತ್ರಿಯ ಮನಸ್ಸನ್ನು ಇಂದು ಅಳೆದು ಕೊಡುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಆದ್ದರಿಂದ ಸಂಶೋಧನೆಯನ್ನು ಘಟನೆಯ ಸಂಗತಿಗಳಿಗೆ ಹೊಂದಿಸಿ ತೋರಿಸಬೇಕು, ಮತ್ತು ಆ ಸಂಗತಿಗಳನ್ನು ಕಲೆಹಾಕಬಲ್ಲವರು ಹೆಚ್ಚಾಗಿ ಮನೆಯವರೇ.

ಅದಕ್ಕಾಗಿ ಆ ದಿನದ, ಸಾಧ್ಯವಾದರೆ ಅದರ ಹಿಂದಿನ ಒಂದು ವಾರದ, ದಿನಚರಿಯನ್ನು ಬರೆಯಿರಿ. ಬರೆಯುವಾಗ ಮಗನಿಗೆ ಘಟನೆಯ ಬಗ್ಗೆ ಪ್ರಶ್ನೆ ಹಾಕಬೇಡಿ. ಅದನ್ನು ವಕೀಲರಿಗೆ ಬಿಡಿ. ನಿಮಗೂ ನೆರೆಯವರಿಗೂ ಗೊತ್ತಿರುವುದಷ್ಟೇ ಸಾಕು. ಅವನನ್ನು ಮನೆಯಿಂದ ಕರೆದವರು ಯಾರು, ಫೋನ್ ಬಂದದ್ದು ಎಷ್ಟು ಗಂಟೆಗೆ, ಜೊತೆಗಿದ್ದವರಲ್ಲಿ ಹದಿನೆಂಟು ದಾಟಿದವರು ಎಷ್ಟು ಮಂದಿ, ಅವರಲ್ಲಿ ಇವನು ‘ಅಣ್ಣ’ ಎಂದು ಕರೆಯುತ್ತಿದ್ದವರು ಯಾರು, ಅವರಿಂದ ಪೆಟ್ರೋಲಿಗೆ, ಊಟಕ್ಕೆ, ಬಟ್ಟೆಗೆ ಹಣ ಬರುತ್ತಿತ್ತೇ, ಅಂದು ಕುಡಿದಿದ್ದನೇ, ನಶೆಗಾಗಿ ಸಲ್ಯೂಷನ್ (ಅಂಟಿನ ಆವಿ) ಎಳೆಯುವ ಅಭ್ಯಾಸವಿತ್ತೇ, ಮನೆಯಿಂದ ಹೊರಡುವಾಗ ಏನಾದರೂ ತೆಗೆದುಕೊಂಡು ಹೋದನೇ ಅಥವಾ ಬರಿಗೈಯಲ್ಲಿ ಹೋದನೇ, ಜಗಳ ಶುರುವಾಗಿ ಮುಗಿಯುವುದರೊಳಗೆ ನಿಮಿಷಗಳು ಕಳೆದವೋ ಗಂಟೆಗಳೋ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಷ್ಟೂ ಸನ್ನಿವೇಶ ಸ್ಪಷ್ಟವಾಗುತ್ತದೆ. ಮೂರು ದಿನ ಹೊಂಚುಹಾಕಿ ತಾನೇ ಯೋಜಿಸಿದ ಹುಡುಗನಿಗೂ, ರಾತ್ರಿ ಹತ್ತಕ್ಕೆ ‘ಬಾರೋ’ ಎಂದಾಗ ಎದ್ದುಹೋಗಿ ಹತ್ತೂವರೆಗೆ ಆರೋಪಿಯಾದ ಹುಡುಗನಿಗೂ ಇರುವ ಅಂತರವನ್ನು ಮಂಡಳಿ ಈ ವಿವರಗಳಿಂದಲೇ ತಿಳಿಯಬೇಕು.

ನಂತರ ಏನು ಮಾಡಿದ ಎಂಬುದೂ ಮುಖ್ಯ, ಆದರೆ ಅದು ಎರಡು ಅಲುಗಿನದು. ಮನೆಗೆ ಬಂದು ಎಂದಿನಂತೆ ಉಂಡು ಮಲಗಿದ್ದನ್ನು, ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಹಾಕಿದ್ದನ್ನು ಪೊಲೀಸರು ಕಲ್ಲೆದೆಗೆ ಸಾಕ್ಷಿಯೆಂದು ಮುಂದಿಡುತ್ತಾರೆ. ಆಗಿದ್ದರ ಗುರುತ್ವವೇ ತಲೆಗೆ ಹೋಗಿರಲಿಲ್ಲವೆಂಬುದಕ್ಕೂ ಅದೇ ನಡವಳಿಕೆ ಪುರಾವೆಯಾಗಬಲ್ಲದು. ನನ್ನ ಅಭಿಪ್ರಾಯದಲ್ಲಿ ಇಂತಹದನ್ನು ಮುಚ್ಚಿಡುವುದಕ್ಕಿಂತ ತಜ್ಞರ ಮುಂದಿಟ್ಟು ಅದರ ಅರ್ಥವೇನೆಂದು ಅವರಿಂದಲೇ ಹೇಳಿಸುವುದು ಲೇಸು.

ಪರಿವೀಕ್ಷಣಾಧಿಕಾರಿ ಮನೆಗೆ ಬಂದಾಗ

ಪರಿವೀಕ್ಷಣಾಧಿಕಾರಿಯು, ಅಂದರೆ ಪ್ರೊಬೇಷನ್ ಆಫೀಸರ್, ಎರಡು ವಾರಗಳೊಳಗೆ ಮಗುವಿನ ಮನೆ, ಓದು, ಹಿನ್ನೆಲೆಗಳ ಕುರಿತ ಸಾಮಾಜಿಕ ತನಿಖಾ ವರದಿಯನ್ನು ಮಂಡಳಿಗೆ ಕೊಡಬೇಕು. ಮುಂದಿನ ಎಲ್ಲ ಹಂತಗಳಲ್ಲೂ ಎಲ್ಲರೂ ತಿರುವಿ ನೋಡುವುದು ಇದೇ ವರದಿಯನ್ನು, ಆದರೆ ಕುಟುಂಬಗಳು ಅತ್ಯಂತ ಲಘುವಾಗಿ ಕಾಣುವುದೂ ಇದನ್ನೇ. ಅಧಿಕಾರಿ ಬಂದಾಗ ಮನೆ ಒಪ್ಪ ಮಾಡಿ, ಕಾಫಿ ಕೊಟ್ಟು, ‘ನಮ್ಮಲ್ಲಿ ಯಾವ ತೊಂದರೆಯೂ ಇಲ್ಲ ಸಾರ್’ ಎಂದು ಕಳುಹಿಸಿದರೆ ವರದಿಯೂ ಹಾಗೆಯೇ ಬರುತ್ತದೆ: ಒಳ್ಳೆಯ ಮನೆ, ಸಾಮಾನ್ಯ ಬುದ್ಧಿಯ ಹುಡುಗ, ಎಲ್ಲ ಅನುಕೂಲಗಳಿದ್ದೂ ಅಪರಾಧ. ತಂದೆಯ ಕುಡಿತ, ತಾಯಿಗೆ ಬೀಳುತ್ತಿದ್ದ ಏಟು, ಎಂಟನೇ ತರಗತಿಗೇ ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸಿದ್ದು, ಹದಿಮೂರಕ್ಕೆ ಅವನ ಮೇಲೆ ಯಾರೋ ನಡೆಸಿದ ದೌರ್ಜನ್ಯ, ಹಿಂದೆ ಒಮ್ಮೆ ಠಾಣೆಗೆ ಹೋಗಿ ಬಂದದ್ದು ಇವೆಲ್ಲ ಹೇಳಿಕೊಳ್ಳಲು ಕಷ್ಟವಾದ ಮಾತುಗಳು ನಿಜ. ಹೇಳದಿದ್ದರೆ ಮಂಡಳಿಗೆ ತಿಳಿಯುವ ಬೇರೆ ದಾರಿಯಿಲ್ಲ. ಮರ್ಯಾದೆಯ ಪ್ರಶ್ನೆ ತಂದೆಗಿದ್ದರೆ ತಾಯಿಯೋ ಅಜ್ಜಿಯೋ ಪ್ರತ್ಯೇಕವಾಗಿ ಮಾತನಾಡಲಿ.

ದಾಖಲೆಗಳಲ್ಲಿ ಹುಡುಕಬೇಕಾದವು ಬೆಳವಣಿಗೆಗೆ ಸಂಬಂಧಿಸಿದವು. ಮೂರ್ಛೆ ರೋಗ, ತಲೆಗೆ ಬಿದ್ದ ಪೆಟ್ಟು, ತಡವಾಗಿ ಮಾತು ಬಂದದ್ದು, ಕಲಿಕೆಯ ನ್ಯೂನತೆ, ಒಂದೆಡೆ ಕೂರಲಾಗದ ಚಂಚಲತೆಗಾಗಿ ತೋರಿಸಿದ ಆಸ್ಪತ್ರೆಯ ಚೀಟಿಗಳು, ವ್ಯಸನ ಬಿಡಿಸುವ ಕೇಂದ್ರದ ಕಾಗದಗಳು, ಪದೇ ಪದೇ ಅನುತ್ತೀರ್ಣನಾದ ಅಂಕಪಟ್ಟಿಗಳು ಎಲ್ಲವೂ ಉಪಯುಕ್ತ. ಅವನನ್ನು ಬಲ್ಲ ಶಿಕ್ಷಕರು ಪತ್ರ ಬರೆಯುವುದಾದರೆ ‘ಸದ್ಗುಣಿ’ ಎಂಬ ವಿಶೇಷಣದ ಬದಲು ಕಂಡದ್ದನ್ನು ಬರೆಯಲಿ: ಕೆಣಕಿದರೆ ತಕ್ಷಣ ಕೈಯೆತ್ತುತ್ತಿದ್ದ, ಹತ್ತು ನಿಮಿಷದ ನಂತರ ತಾನೇ ಬಂದು ಅಳುತ್ತಿದ್ದ, ಹಿರಿಯ ಹುಡುಗರು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ. ಮಗ ಕೋಪಿಷ್ಠನೆಂದು ಬರೆದರೆ ಅಪಾಯವಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ಅಪಾಯವೂ ಇದೆ, ಅಪ್ರಬುದ್ಧತೆಯ ಚಿತ್ರವನ್ನೇ ಅಪಾಯಕಾರಿ ಹುಡುಗನ ಚಿತ್ರವಾಗಿ ಓದುವವರಿದ್ದಾರೆ. ಅದಕ್ಕೇ ಇಂತಹ ಪ್ರತಿ ಸಂಗತಿಯ ಜೊತೆಗೆ ಮುಂದೇನು ಮಾಡಲಾಗುವುದು ಎಂಬ ಯೋಜನೆಯೂ ಇರಬೇಕು: ಯಾವ ಆಪ್ತಸಮಾಲೋಚಕರು, ಯಾವ ಕೆಲಸ ಅಥವಾ ಓದು, ಯಾರ ಮನೆ.

ಇದೇ ಯೋಜನೆ ಜಾಮೀನಿಗೂ ಬೇಕಾಗುತ್ತದೆ. ಕೊಲೆ ಕೇಸಿಗೆ ಜಾಮೀನಿಲ್ಲ ಎಂಬ ಮಾತು ಮಕ್ಕಳಿಗೆ ಅನ್ವಯಿಸದು. ಕಲಂ 12ರ ಪ್ರಕಾರ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯ, ನ್ಯಾಯದ ಉದ್ದೇಶಕ್ಕೆ ಸೋಲು ಎಂಬ ಮೂರು ಕಾರಣಗಳಿಗಷ್ಟೇ ನಿರಾಕರಿಸಬಹುದು, ಕಾರಣವನ್ನು ಬರೆದಿಡಬೇಕು. ಅದೇ ಬೀದಿಗೆ, ಅದೇ ಗುಂಪಿನ ನಡುವೆ ಕರೆದೊಯ್ಯುತ್ತೇವೆಂದರೆ ಮಂಡಳಿ ಹಿಂಜರಿಯುತ್ತದೆ; ತುಮಕೂರಿನ ಸೋದರಮಾವನ ಮನೆಯಲ್ಲಿ ಇರಿಸುತ್ತೇವೆ, ಅವರು ಇಲ್ಲಿಯೇ ಹಾಜರಿದ್ದಾರೆ ಎಂದರೆ ಮಾತಿಗೆ ತೂಕ ಬರುತ್ತದೆ.

ತಜ್ಞರ ಸಂದರ್ಶನ ಮತ್ತು ಅವರ ವರದಿ

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಾಮಾಜಿಕ ಕಾರ್ಯಕರ್ತರೂ ಇರುತ್ತಾರೆ. ಸದಸ್ಯರಲ್ಲಿ ಯಾರಿಗೂ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರದ ಪದವಿ ಇಲ್ಲದಿದ್ದರೆ ಅನುಭವಿ ತಜ್ಞರ ನೆರವು ಪಡೆಯುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿತು. ಪರಿಣಾಮವೆಂದರೆ ಕೃತ್ಯದ ತಕ್ಷಣದ ಫಲ ಮಾತ್ರವಲ್ಲ, ಸಂತ್ರಸ್ತರ ಮೇಲೆ, ಅವರ ಕುಟುಂಬದ ಮೇಲೆ, ಮಗುವಿನ ಸ್ವಂತ ಭವಿಷ್ಯದ ಮೇಲೆ ಆಗುವ ದೂರಗಾಮಿ ಫಲಗಳೂ ಸೇರುತ್ತವೆಂಬುದು ಅದೇ ತೀರ್ಪಿನ ಸಾರ. ನಿಮ್ಹಾನ್ಸ್‌ನಂತಹ ಸಂಸ್ಥೆ ನಗರದಲ್ಲೇ ಇರುವುದು, ಅಲ್ಲಿ ಮಕ್ಕಳ ಹಾಗೂ ಹದಿಹರೆಯದವರ ಮನೋವೈದ್ಯ ವಿಭಾಗವೇ ಇರುವುದು ಬೆಂಗಳೂರಿನ ಕುಟುಂಬಗಳಿಗಿರುವ ಅನುಕೂಲ.

ಸಂದರ್ಶನಕ್ಕೆ ಮಗನಿಗೆ ಪಾಠ ಹೇಳಿಕೊಡಬೇಡಿ. ‘ಏನೂ ಗೊತ್ತಿಲ್ಲವೆನ್ನು’, ‘ಪೆದ್ದನ ಹಾಗಿರು’ ಎಂದು, ವಿಚಾರಣೆಯ ಅವಧಿಯಲ್ಲಿ ಮಕ್ಕಳನ್ನು ಇರಿಸುವ ವೀಕ್ಷಣಾಲಯದ ಭೇಟಿಯ ವೇಳೆ ಪಿಸುಗುಟ್ಟುವ ಬಂಧುಗಳಿದ್ದಾರೆ. ಅನುಭವಿ ತಜ್ಞರಿಗೆ ಅದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ, ನಂತರ ಅವನ ನಿಜವಾದ ಮಾತೂ ನಂಬಿಕೆ ಕಳೆದುಕೊಳ್ಳುತ್ತದೆ. ಅವನಿಗೆ ತಿಳಿಸಬೇಕಾದದ್ದು ಇಷ್ಟು: ಬರುವವರು ಪೊಲೀಸರಲ್ಲ, ತಪ್ಪೊಪ್ಪಿಕೊಳ್ಳಬೇಕೆಂದಿಲ್ಲ, ಪ್ರಶ್ನೆ ಅರ್ಥವಾಗದಿದ್ದರೆ ಮತ್ತೆ ಕೇಳಬಹುದು, ನೆನಪಿಲ್ಲದ್ದನ್ನು ನೆನಪಿಲ್ಲವೆನ್ನಬಹುದು. ಮನೆಮಾತು ಉರ್ದು, ತಮಿಳು ಅಥವಾ ಹಿಂದಿಯಾಗಿದ್ದರೆ ಆ ಭಾಷೆ ಬಲ್ಲವರೇ ಮಾತನಾಡಿಸಲಿ ಎಂದು ವಕೀಲರು ಮೊದಲೇ ಲಿಖಿತವಾಗಿ ಕೋರಬೇಕು. ಕಲಿತ ಕನ್ನಡದಲ್ಲಿ ಹುಡುಗ ಕೊಡುವ ಎರಡು ಪದಗಳ ಉತ್ತರವನ್ನು ಉಡಾಫೆಯೆಂದು ಬರೆದುಕೊಳ್ಳುವ ಸಾಧ್ಯತೆ ಇದ್ದೇ ಇದೆ.

ವರದಿಯ ಪ್ರತಿಯನ್ನೂ ವಕೀಲರು ಲಿಖಿತವಾಗಿ ಕೇಳಿ ಪಡೆಯಲಿ. ಓದುವಾಗ ಗಮನಿಸಬೇಕಾದದ್ದು, ಕೃತ್ಯ ನಡೆದ ಸಮಯದ ಬಗ್ಗೆ ಅದರಲ್ಲಿ ಏನಾದರೂ ಇದೆಯೇ ಎಂಬುದು. ಬುದ್ಧಿಮಟ್ಟದ ಅಂಕ ಸಾಮಾನ್ಯವಾಗಿದೆ, ಸ್ಥಳ ಮತ್ತು ಕಾಲದ ಪ್ರಜ್ಞೆಯಿದೆ, ಆದ್ದರಿಂದ ಪರಿಣಾಮದ ಅರಿವಿತ್ತು ಎಂದು ಒಂದೇ ಜಿಗಿತಕ್ಕೆ ತೀರ್ಮಾನಕ್ಕೆ ಬಂದಿದ್ದರೆ, ಅಥವಾ ಒಂದೇ ಭೇಟಿಯಲ್ಲಿ ಮುಗಿಸಿ ಶಾಲೆಯ ದಾಖಲೆ, ಮನೆಯವರ ಮಾತು ಯಾವುದನ್ನೂ ನೋಡದೆ ಬರೆದಿದ್ದರೆ, ಅಥವಾ ಮಗುವೇ ಕೃತ್ಯ ಎಸಗಿದ್ದಾನೆಂದು ಊಹಿಸಿಕೊಂಡೇ ಶುರುವಾಗಿದ್ದರೆ, ಅಷ್ಟನ್ನೂ ಆಕ್ಷೇಪಣೆಯಾಗಿ ಸಲ್ಲಿಸಿ ಮರು ಮೌಲ್ಯಮಾಪನ ಕೇಳಬೇಕು.

ಆದೇಶ ಬಂದ ಮೇಲೆ

ಮೊದಲ ಹಾಜರಾತಿಯಿಂದ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಈ ಗಡುವು ಕಡ್ಡಾಯವಲ್ಲ, ಲಿಖಿತ ಕಾರಣಗಳೊಂದಿಗೆ ವಿಸ್ತರಿಸಬಹುದು ಎಂದಿದೆ. ಆದ್ದರಿಂದ ಮೂರು ತಿಂಗಳು ದಾಟಿತೆಂಬ ಒಂದೇ ವಾದವನ್ನು ನೆಚ್ಚಿಕೊಂಡು ಕೂರುವುದು ಸರಿಯಲ್ಲ.

ವರ್ಗಾವಣೆಯ ಆದೇಶವಾದರೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳಿವೆ, ಮತ್ತು ಆ ನ್ಯಾಯಾಲಯವು ಮಂಡಳಿ ಕೇಳಿದ ತಜ್ಞರನ್ನು ಬಿಟ್ಟು ಬೇರೆ ತಜ್ಞರ ನೆರವು ಪಡೆಯಬಹುದು. ಮೇಲ್ಮನವಿ ಸೋತರೂ ಬಾಗಿಲು ಮುಚ್ಚುವುದಿಲ್ಲವೆಂಬುದು ವಕೀಲರಿಗೂ ಎಷ್ಟೋ ಸಲ ಮರೆತುಹೋಗುತ್ತದೆ. ವಯಸ್ಕನಂತೆ ವಿಚಾರಣೆ ನಿಜಕ್ಕೂ ಬೇಕೇ ಎಂಬುದನ್ನು ಕಲಂ 19ರಡಿ ಮಕ್ಕಳ ನ್ಯಾಯಾಲಯ ತಾನೇ ಮತ್ತೊಮ್ಮೆ ನಿರ್ಧರಿಸಬೇಕು; ಬೇಡವೆನಿಸಿದರೆ ಅದು ಮಂಡಳಿಯಂತೆಯೇ ವಿಚಾರಣೆ ನಡೆಸಬಹುದು. ವಯಸ್ಕನಂತೆ ನಡೆದರೂ ಮರಣದಂಡನೆಯನ್ನಾಗಲೀ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯನ್ನಾಗಲೀ ವಿಧಿಸುವಂತಿಲ್ಲ, 21 ತುಂಬುವವರೆಗೆ ಜೈಲಲ್ಲದ, ಕಾಯ್ದೆ ‘ಸುರಕ್ಷಿತ ಸ್ಥಳ’ ಎನ್ನುವ ಸಂಸ್ಥೆಯಲ್ಲಿಯೇ ಇರಿಸಬೇಕು, ಆಮೇಲೆ ಅವನಲ್ಲಿ ಆಗಿರುವ ಸುಧಾರಣೆಯನ್ನು ನೋಡಿ ಬಿಡುಗಡೆಯನ್ನೂ ಪರಿಗಣಿಸಬೇಕು. ಹಾಗಾಗಿ ವೀಕ್ಷಣಾಲಯಕ್ಕೆ ಕಾಲಿಟ್ಟ ದಿನದಿಂದಲೇ ಒಂದು ಕಡತ ತೆರೆಯಿರಿ: ಅವನು ಹಾಜರಾದ ತರಗತಿಗಳು, ಬರೆದ ಪರೀಕ್ಷೆಗಳು, ಆಪ್ತಸಮಾಲೋಚನೆಯ ದಿನಾಂಕಗಳು, ಕಲಿತ ಕೆಲಸ, ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಬರೆದದ್ದು ಎಷ್ಟು ನಡೆಯಿತು ಎಂಬ ವಿವರ, ಎಲ್ಲವೂ ದಿನಾಂಕ ಸಹಿತ ಅದರಲ್ಲಿರಲಿ. ಕಲಂ 19ರ ವಿಚಾರಣೆಯ ದಿನ ವಕೀಲರು ಮೊದಲು ಕೇಳಬೇಕಾದದ್ದು ಈ ಕಡತವನ್ನೇ.